ಘಟ್ಟದ ದಾರಿಗೆ ಎಂಥ ಎಂಜಿನು?

ಸುಳ್ಯದಿಂದ ಸಂಪಾಜೆಯ ಮಾರ್ಗವಾಗಿ ಮಡಿಕೇರಿಗೆ ಹೊರಟ ಮೋಟಾರು ಐವತ್ತು ಕಿಲೋಮೀಟರಿಗಿಂತ ತುಸು ಹೆಚ್ಚಿನ ದೂರದಲ್ಲಿ ಸಾವಿರ ಮೀಟರಿನಷ್ಟು ಎತ್ತರವನ್ನು ಏರಬೇಕು. ಉರುಳುವುದು ಚಕ್ರಗಳಾದರೂ ಏದುಸಿರು ಬಿಡುವುದು ಎಂಜಿನು. ಮೇಲಕ್ಕೆ ಹೋದಂತೆಲ್ಲ ಗಾಳಿ ತೆಳುವಾಗುತ್ತದೆ. ಮಡಿಕೇರಿಯನ್ನು ಮುಟ್ಟುವ ಹೊತ್ತಿಗೆ ಎಂಜಿನಿನ ಪ್ರತಿ ಉಸಿರಿನಲ್ಲಿಯೂ ಸುಮಾರು ಹತ್ತನೆಯ ಒಂದು ಪಾಲು ಗಾಳಿ ಕಡಿಮೆಯಾಗಿರುತ್ತದೆ. ಗಾಳಿ ಕಡಿಮೆಯಾದರೆ ಸುಡಬಲ್ಲ ಇಂಧನವೂ ಕಡಿಮೆ. ಬಲವೂ ಅಷ್ಟೇ ಕಡಿಮೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಬೆನ್ನಿಗೇ ಘಟ್ಟವಿದೆ. ಒಂದು ಕಡೆ ಸಂಪಾಜೆ, ಮತ್ತೊಂದು ಕಡೆ ಶಿರಾಡಿ, ನಡುವೆ ಸುಬ್ರಹ್ಮಣ್ಯದ ಆಚೆಗೆ ಬಿಸಿಲೆ. ಇಂಥ ಸೀಮೆಯ ತರುಣರಿಗೆ ಅಗ್ಗಕ್ಕೆ ದೊರೆತ ಹಳೆಯ ಕಾರಿಗೆ ಟರ್ಬೊ ಕೂಡಿಸಿ ಏರನ್ನು ನಗುನಗುತ್ತ ಹತ್ತಬೇಕೆಂಬ ಹಂಬಲ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಮಧ್ಯಮ ವರ್ಗದ ಮನೆಯಲ್ಲಿ ಕಾರು ಒಂದೇ ಇರುತ್ತದೆ. ಮಗನ ಹಂಬಲವನ್ನು ಹೊರುವ ಕಾರೇ ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೂ ಒಯ್ಯಬೇಕು. ಆದುದರಿಂದ ಎಂಜಿನಿನ ಆಯ್ಕೆ ಹುಡುಗಾಟಿಕೆಯ ಮಾತಲ್ಲ, ಮನೆಯವರೆಲ್ಲರೂ ಕುಳಿತು ಯೋಚಿಸಬೇಕಾದ ವಿಷಯ.

ವ್ಯರ್ಥವಾಗುವ ಹೊಗೆಯ ದುಡಿಮೆ

ಟರ್ಬೊ ಎಂಬುದು ಎರಡು ಪುಟ್ಟ ಗಾಳಿಚಕ್ರಗಳ ಜೋಡಿ. ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಸೇರಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿನೊಳಕ್ಕೆ ತುಂಬುತ್ತದೆ. ದಂಡವು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತುವುದುಂಟು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ಕಲ್ಪನೆಗೆ 1905ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು.

ಇದರಿಂದಾಗುವ ಪ್ರಯೋಜನಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. ಮಾರುತಿ ಬಲೆನೊ ಕಾರಿನ 1197 ಘನ ಸೆಂಟಿಮೀಟರಿನ ಸಾಮಾನ್ಯ ಪೆಟ್ರೋಲ್ ಎಂಜಿನು ಸುಮಾರು 84 ಅಶ್ವಶಕ್ತಿ ಕೊಡುತ್ತಿದ್ದಾಗ, 2017ರಲ್ಲಿ ಬಂದ ಅದೇ ಕಾರಿನ ಟರ್ಬೊ ರೂಪವು ಕೇವಲ 998 ಘನ ಸೆಂಟಿಮೀಟರಿನಲ್ಲಿ ನೂರಕ್ಕೂ ಮಿಕ್ಕ ಅಶ್ವಶಕ್ತಿಯನ್ನು ಕೊಟ್ಟಿತು. ಗಾತ್ರ ಕಿರಿದು, ಬಲ ಹಿರಿದು. ಇದನ್ನು ಕಂಡವರಿಗೆ, ಹಳೆಯ ಎಸ್ಟೀಮ್ ಅಥವಾ ಜೆನ್ ಕಾರಿನ ಎಂಜಿನಿಗೆ ಒಂದು ಟರ್ಬೊ ಜೋಡಿಸಿದರೆ ಸಾಕಲ್ಲವೇ ಎನಿಸುವುದು ಸಹಜ.

ಸಾಲದು ಎಂಬುದೇ ಉತ್ತರ. ಹುಟ್ಟಿನಿಂದ ಟರ್ಬೊ ಹೊತ್ತು ಬಂದ ಎಂಜಿನಿನ ಪಿಸ್ಟನ್ನು, ಕೂಡುದಂಡ, ಬೇರಿಂಗು, ಎಣ್ಣೆಯ ಹರಿವು, ತಂಪಿನ ಏರ್ಪಾಡು ಎಲ್ಲವೂ ಆ ಹೊರೆಗೆಂದೇ ಅಳೆದು ಮಾಡಿದವು. ಇಲ್ಲದ ಎಂಜಿನಿನ ಮೇಲೆ ಟರ್ಬೊ ಹೇರುವುದೆಂದರೆ ಎರಡಾಳಿನ ಹೊರೆಯನ್ನು ಒಬ್ಬನ ಬೆನ್ನಿಗೆ ಕಟ್ಟಿದಂತೆ.

ದೊಡ್ಡವರೂ ಎಡವಿದ ಕಲ್ಲು

ಸಾಮಾನ್ಯ ಪೆಟ್ರೋಲ್ ಎಂಜಿನು ತಾನೇ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಒಂಬತ್ತು, ಹತ್ತು ಪಟ್ಟು ಅದುಮುತ್ತದೆ. ಟರ್ಬೊ ಮೊದಲೇ ಒತ್ತಿ ಕಳುಹಿಸಿದ ಗಾಳಿಯನ್ನು ಮತ್ತೆ ಅಷ್ಟೇ ಅದುಮಿದರೆ ಮಿಶ್ರಣವು ಕಿಡಿ ಹಾರುವಂತೆಯೇ ಅಂಕೆ ಮೀರಿ ಸಿಡಿಯುತ್ತದೆ. ಸುತ್ತಿಗೆಯ ಪೆಟ್ಟಿನಂತೆ ಕೇಳಿಬರುವ ಈ ಬಡಿತ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ನನ್ನು ತೂತು ಮಾಡಬಲ್ಲದು.

ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪೆನಿ 1962ರಲ್ಲಿ ತಂದ ಜೆಟ್‌ಫೈರ್ ಕಾರು ಜಗತ್ತಿನ ಮೊದಲ ಟರ್ಬೊ ಕಾರುಗಳಲ್ಲಿ ಒಂದು. ಅದರ ಎಂಜಿನು ಮಿಶ್ರಣವನ್ನು ಹತ್ತು ಪಟ್ಟಿಗೂ ಹೆಚ್ಚು ಅದುಮುತ್ತಿತ್ತು. ಬಡಿತವನ್ನು ತಡೆಯಲು ನೀರು ಮತ್ತು ಮದ್ಯಸಾರದ ದ್ರವವೊಂದನ್ನು ಒಳಕ್ಕೆ ಚಿಮುಕಿಸುವ ಉಪಾಯ ಮಾಡಿದ್ದರು. ಆದರೆ ಕೊಂಡವರಲ್ಲಿ ಅನೇಕರು ದ್ರವವನ್ನು ತುಂಬಿಸಲು ಮರೆತರು. ಕಾರಿನ ತಯಾರಿಕೆ 1963ರಲ್ಲಿಯೇ ನಿಂತಿತು. ಅಂಥ ದೊಡ್ಡ ಕಾರ್ಖಾನೆಯೇ ಎಡವಿದ ಕಲ್ಲನ್ನು ಹಳ್ಳಿಯ ಗರಾಜು ಸುಲಭವಾಗಿ ದಾಟುವುದು ಕಷ್ಟ.

ಆದರೂ ಮಾಡಲೇಬೇಕೆನ್ನುವವರು ಒತ್ತಡವನ್ನು ತೀರ ಮಿತವಾಗಿಟ್ಟು, ಒತ್ತಿದ ಗಾಳಿಯನ್ನು ತಣಿಸುವ ಜಾಲರಿ, ದೊಡ್ಡ ಇಂಧನ ಚಿಮ್ಮುಕ, ಕಿಡಿಯ ಸಮಯವನ್ನು ತಿದ್ದುವ ವಿದ್ಯುನ್ಮಾನ ಪೆಟ್ಟಿಗೆ, ಗಟ್ಟಿ ಕ್ಲಚ್ಚು ಇವೆಲ್ಲವನ್ನೂ ಕೂಡಿಸಬೇಕಾಗುತ್ತದೆ. ಎಂಜಿನಿಗಿಂತ ಅದರ ಪರಿವಾರದ ವೆಚ್ಚವೇ ಹೆಚ್ಚಾಗುತ್ತದೆ. ಅಗ್ಗಕ್ಕೆ ಹೊರಟ ಕಾರ್ಯ ಕೊನೆಗೆ ಮುಗ್ಗರಿಸುವುದು ಇಲ್ಲಿಯೇ.

ಜೀಪು ಕಲಿಸಿದ ಪಾಠ

ಎಂಜಿನು ಬದಲಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಘಟ್ಟದ ತಪ್ಪಲಿನ ತೋಟದ ಹಾದಿಗಳನ್ನು ಆಳಿದ್ದು ಜೀಪು. ಅದರ 2.2 ಲೀಟರಿನ ಪೆಟ್ರೋಲ್ ಎಂಜಿನು ಎಪ್ಪತ್ತಕ್ಕೂ ಹೆಚ್ಚು ಅಶ್ವಶಕ್ತಿಯದು; ಆದರೆ ಪೆಟ್ರೋಲನ್ನು ಕುಡಿಯುವುದರಲ್ಲಿಯೂ ಅದು ಕುದುರೆಯನ್ನೇ ಮೀರಿಸುತ್ತಿತ್ತು. ಫ್ರಾನ್ಸಿನ ಪೂಷೋ ಕಂಪೆನಿಯ ಡೀಸೆಲ್ ಎಂಜಿನನ್ನು ತಯಾರಿಸಲು ಮಹೀಂದ್ರ ಸಂಸ್ಥೆ 1979ರಲ್ಲಿ ಪರವಾನಗಿ ಪಡೆಯಿತು. ಆ ಎಂಜಿನಿನ ಬಲ ಅರವತ್ತರ ಆಸುಪಾಸು ಮಾತ್ರ. ಆದರೂ ಮಲೆನಾಡು ಮತ್ತು ತಪ್ಪಲಿನ ಮೆಕ್ಯಾನಿಕ್ಕುಗಳು ಹಳೆಯ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನುಗಳನ್ನು ಕೂಡಿಸಿದರು. ಹತ್ತು ಅಶ್ವಶಕ್ತಿಯನ್ನು ಬಿಟ್ಟುಕೊಟ್ಟು ಇಂಧನದ ಉಳಿತಾಯವನ್ನು ಪಡೆದ ಆ ಲೆಕ್ಕಾಚಾರ ಜಾಣರದು. ಜಾಹೀರಾತಿನ ಅಂಕೆಗಿಂತ ದಿನನಿತ್ಯದ ದಾರಿಯೇ ದೊಡ್ಡದೆಂದು ಅವರು ತಿಳಿದಿದ್ದರು.

ಆ ಲೆಕ್ಕವನ್ನೇ ಇಂದಿಗೆ ಅನ್ವಯಿಸಿದರೆ ಮೊದಲು ನೆನಪಿಗೆ ಬರುವುದು 1248 ಘನ ಸೆಂಟಿಮೀಟರಿನ ಫಿಯೆಟ್ ಮೂಲದ ಟರ್ಬೊ ಡೀಸೆಲ್ ಎಂಜಿನು. 2007ರಲ್ಲಿ ಡೀಸೆಲ್ ಸ್ವಿಫ್ಟ್ ಕಾರಿನಲ್ಲಿ ಬಂದ ಇದನ್ನು ಟಾಟಾ, ಫಿಯೆಟ್ ಕಾರುಗಳೂ ಹೊತ್ತವು. ಬಲ ಸುಮಾರು 75 ಅಶ್ವಶಕ್ತಿ. ತಿರುಚುಬಲ 190 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 2000 ಸುತ್ತಿನಲ್ಲಿಯೇ. ಏರಿನ ತಿರುವಿನಲ್ಲಿ ಬೇಕಾಗುವುದು ಈ ಕೆಳಸುತ್ತಿನ ಎಳೆತವೇ. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತಾದರೂ, ಅಷ್ಟು ಕಾರುಗಳಲ್ಲಿ ದುಡಿದ ಎಂಜಿನಿನ ಮರ್ಮ ಬಲ್ಲ ಮೆಕ್ಯಾನಿಕ್ಕುಗಳಿಗೆ ಕೊರತೆಯಿಲ್ಲ.

ಕಾಗದವೂ ಕಾರಿನ ಭಾಗ

ಹಾಗಾದರೆ ಈ ಎಂಜಿನನ್ನು ಕಳಚಿ ಹಳೆಯ ಕಾರಿಗೆ ಇಳಿಸೋಣವೇ? ಜೀಪಿನ ಕಾಲದ ಸಡಿಲು ಈಗಿಲ್ಲ. ನೋಂದಣಿ ಪುಸ್ತಕದಲ್ಲಿ ಎಂಜಿನಿನ ಸಂಖ್ಯೆ, ಗಾತ್ರ, ಇಂಧನ ಎಲ್ಲವೂ ದಾಖಲಾಗಿರುತ್ತವೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮು ಮನಸ್ಸಿಗೆ ಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿತು. ಪುತ್ತೂರಿನ ಕೆಎ-21 ಫಲಕ ಹೊತ್ತ ಕಾರಿಗೂ ಇದು ಅನ್ವಯಿಸುತ್ತದೆ. ಅಪಘಾತವಾದ ದಿನ ವಿಮೆಯವರು ಮೊದಲು ಬಿಚ್ಚಿ ನೋಡುವುದೂ ಆ ಪುಸ್ತಕವನ್ನೇ.

ಆದುದರಿಂದ ಬೀದಿಯಲ್ಲಿ ಓಡಿಸುವ ಅಗ್ಗದ ಟರ್ಬೊ ಕಾರಿಗೆ ನೇರವಾದ ಹಾದಿ ಒಂದೇ: ಬಿಡಿ ಎಂಜಿನನ್ನು ಅರಸುವ ಬದಲು, ಕಾರ್ಖಾನೆಯಿಂದಲೇ ಟರ್ಬೊ ಹೊತ್ತು ಬಂದ ಇಡೀ ಕಾರನ್ನು ಆರಿಸುವುದು. ಎಂಜಿನು ಕೂಡಿಸಲು ತೆಗೆದಿಟ್ಟ ಹಣವನ್ನು ಬ್ರೇಕು, ಟೈರು, ಕ್ಲಚ್ಚುಗಳಿಗೆ ಸುರಿದರೆ ಘಟ್ಟ ಇಳಿಯುವಾಗ ಅದರ ಬೆಲೆ ತಿಳಿಯುತ್ತದೆ. ಹತ್ತಿದ ವೇಗವನ್ನು ತಡೆಯಲಾರದ ಕಾರು ಬಲಶಾಲಿಯಲ್ಲ, ಅಪಾಯಕಾರಿ.

ಕೊಳ್ಳುವ ಮುನ್ನ

ತಣ್ಣಗಿರುವ ಎಂಜಿನನ್ನು ಮುಂಜಾನೆಯೇ ಚಾಲೂ ಮಾಡಿ ನೋಡಬೇಕು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಗುರುತು. ಟರ್ಬೊದ ಗಾಳಿಕೊಳವೆ ಬಿಚ್ಚಿ ದಂಡವನ್ನು ಬೆರಳಿನಿಂದ ಅಲುಗಿಸಿದರೆ ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟವಿರಬಹುದು; ಚಕ್ರದ ಅಂಚು ಗೂಡಿಗೆ ತಾಗಿದ ಗೀರಿದ್ದರೆ ಆ ವ್ಯಾಪಾರ ಬೇಡ. ಎಣ್ಣೆ ಬದಲಿಸಿದ ದಾಖಲೆಯಿಲ್ಲದ ಕಾರು ಎಷ್ಟು ಹೊಳೆದರೂ ದೂರವಿರಬೇಕು. ಟರ್ಬೊ ಬದುಕುವುದು ಶುದ್ಧವಾದ ಎಣ್ಣೆಯ ಮೇಲೆ.

ಮಳೆಗಾಲದ ಎಚ್ಚರವೂ ಒಂದಿದೆ. ಹೊಸ ಸೇತುವೆ ಬರುವ ಮುನ್ನ ಕಡಬದ ದಾರಿಯ ಹೊಸ್ಮಠದ ಮುಳುಗುಸೇತುವೆ ಹೊಳೆ ಉಕ್ಕಿದಾಗಲೆಲ್ಲ ನೀರಿನಡಿಯಾಗುತ್ತಿತ್ತು. ಅಂಥ ಸೀಮೆಯಲ್ಲಿ, ಅಂದಕ್ಕಾಗಿ ಗಾಳಿಸೋಸುಕವನ್ನು ಬಂಪರಿನ ಕೆಳಗೆ ತಂದಿಟ್ಟ ಕಾರು ಗಾಳಿಯ ಬದಲು ನೀರನ್ನು ಸೆಳೆಯುತ್ತದೆ. ನೀರನ್ನು ಅದುಮಲಾಗದು, ಮುರಿಯುವುದು ಎಂಜಿನಿನ ಕೂಡುದಂಡವೇ.

ಏರನ್ನು ಹತ್ತಿ ಮುಗಿಸಿದ ಬಳಿಕ ಎಂಜಿನನ್ನು ತಟ್ಟನೆ ಆರಿಸದೆ ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡಬೇಕು. ಕಾದು ಕೆಂಪಾದ ಟರ್ಬೊಕ್ಕೆ ಹರಿಯುವ ಎಣ್ಣೆಯೇ ತಂಪು. ಹೊರೆ ಹೊತ್ತು ಬಂದವನಿಗೆ ಜಗಲಿಯಲ್ಲಿ ಕುಳಿತು ನೀರುಬೆಲ್ಲ ಕೊಡುವ ಈ ಸೀಮೆಯವರಿಗೆ ಅಷ್ಟು ಉಪಚಾರವನ್ನು ಬೇರೆಯವರು ಕಲಿಸಬೇಕಾಗಿಲ್ಲ.