ನಿಮಗಿದು ಗೊತ್ತೇ? ಡಬ್ಬಿಯೊಳಗಿನ ದಮ್ಮು

ಸಂತೆಗುಳಿ ಕಡೆಯ ಹುಡುಗರೂ ಈಗ ಕುಮಟಾ ಪೇಟೆಯ ಜಿಮ್‌ನಲ್ಲಿ ಶೇಕರ್ ಕುಲುಕುತ್ತಾ 'ಬಿಸಿಎಎ' ಎನ್ನುತ್ತಾರೆ. ಹೆಸರು ದೊಡ್ಡದು, ಒಳಗಿರುವುದು ಮೂರೇ ಅಮೈನೋ ಆಮ್ಲ: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಮೈಯ ಪ್ರೋಟೀನು ಕಟ್ಟಲು ಬೇಕಾದ ಅಮೈನೋ ಆಮ್ಲಗಳು 20. ಅವುಗಳಲ್ಲಿ 9 ಊಟದಿಂದಲೇ ಬರಬೇಕು. ಈ ಮೂರೂ ಆ 9ರಲ್ಲಿವೆ, ಬೇಳೆ, ಮೊಸರು, ಮೀನಿನಲ್ಲೂ ಇವೆ.

ದಣಿಯುವುದು ಕಾಲೋ, ತಲೆಯೋ? ಆಕ್ಸ್‌ಫರ್ಡ್‌ನ ವಿಜ್ಞಾನಿ ಎರಿಕ್ ನ್ಯೂಸ್‌ಹೋಮ್ 1980ರ ದಶಕದಲ್ಲಿ 'ತಲೆಯೂ' ಎಂದರು. ತುಂಬ ಹೊತ್ತು ಓಡಿದಾಗ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಮಿದುಳಿಗೆ ಹೆಚ್ಚು ನುಗ್ಗಿ ಸೆರೊಟೋನಿನ್ ಆಗುತ್ತದೆ, ಓಡುವವನಿಗೆ ಸಾಕಪ್ಪಾ ಅನಿಸುತ್ತದೆ ಎಂಬುದು ಅವರ ವಾದ. ಮಿದುಳಿನ ಅದೇ ಬಾಗಿಲಲ್ಲಿ ಬಿಸಿಎಎ ಪೈಪೋಟಿಗೆ ನಿಂತರೆ ದಣಿವು ತಡವಾಗಬೇಕಲ್ಲ? 1991ರಲ್ಲಿ ಸ್ವೀಡನ್ನಿನ ಮ್ಯಾರಥಾನ್ ಓಟಗಾರರಿಗೆ ಕುಡಿಸಿ ನೋಡಿದರು. ನಿಧಾನ ಓಟಗಾರರ ಸಮಯ ತುಸು ಸುಧಾರಿಸಿತು, ಚುರುಕಿನವರದು ಇದ್ದಲ್ಲೇ ಇತ್ತು. 1995ರಲ್ಲಿ ಸೈಕಲ್ ಸವಾರರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಏನೂ ಫರಕು ಕಾಣಲಿಲ್ಲ. ವಾದ ಸೊಗಸಾಗಿದೆ. ಅದನ್ನು ನಂಬಿ ದುಡ್ಡು ಸುರಿಯುವಷ್ಟು ಪುರಾವೆ ಮಾತ್ರ ಇಲ್ಲ.

ಸಿಟ್ರುಲಿನ್ ಎಂಬ ಅಮೈನೋ ಆಮ್ಲವನ್ನು 1914ರಲ್ಲಿ ಜಪಾನಿನಲ್ಲಿ ಬೇರ್ಪಡಿಸಿದ್ದು ಕಲ್ಲಂಗಡಿ ರಸದಿಂದ. ಮೂತ್ರಪಿಂಡದಲ್ಲಿ ಇದು ಆರ್ಜಿನಿನ್ ಆಗುತ್ತದೆ, ಆರ್ಜಿನಿನ್‌ನಿಂದ ನೈಟ್ರಿಕ್ ಆಕ್ಸೈಡ್ ಹುಟ್ಟಿ ರಕ್ತನಾಳಗಳು ಹಿಗ್ಗುತ್ತವೆ. ಆ ನೈಟ್ರಿಕ್ ಆಕ್ಸೈಡ್‌ನ ಕೆಲಸ ಪತ್ತೆ ಮಾಡಿದ ಮೂವರಿಗೆ 1998ರ ನೊಬೆಲ್ ಸಿಕ್ಕಿತು. ಆರ್ಜಿನಿನ್ನನ್ನೇ ನುಂಗಿದರೆ ಅದರ ಒಳ್ಳೆಯ ಪಾಲು ಕರುಳು, ಯಕೃತ್ತಿನಲ್ಲೇ ಖರ್ಚಾಗುತ್ತದೆ. ಸಿಟ್ರುಲಿನ್ ಪಾರಾಗಿ ಬರುತ್ತದೆ. ಹಾಗೆಂದು ಡಬ್ಬಿಯವರು ಹೇಳುವ 6 ಗ್ರಾಂ ಹಣ್ಣಿನಿಂದಲೇ ಬರಬೇಕೆಂದರೆ ಎರಡು-ಮೂರು ಕಿಲೋ ತಿರುಳು ತಿನ್ನಬೇಕು. ಅಷ್ಟು ತಿಂದವನು ಓಡುವುದು ಮೈದಾನಕ್ಕಲ್ಲ! ಸಿಪ್ಪೆಯ ಬಿಳಿ ಭಾಗದಲ್ಲೂ ಸಿಟ್ರುಲಿನ್ ಚೆನ್ನಾಗಿದೆ. ಅದನ್ನು ಅಕ್ಕಿಯ ಜತೆ ಅರೆದು ದೋಸೆ ಎರೆಯುವ ನಮ್ಮ ಮನೆಗಳಿಗೆ ಅದು ಪುಕ್ಕಟೆ.

ಬೀಟಾ-ಅಲನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ತಗೊಂಡ ಕಾಲು ಗಂಟೆಯಲ್ಲೇ ಮುಖ, ಕಿವಿ, ಕುತ್ತಿಗೆ ಇರುವೆ ಹರಿದಂತೆ ಜುಮುಜುಮು ಎನ್ನುತ್ತವೆ. 'ಕೆಲಸ ಮಾಡ್ತಾ ಉಂಟು' ಎಂದು ಖುಷಿಪಡುವವರುಂಟು. ಅದು ಚರ್ಮದ ನರಗಳ ಆಟ, ಸ್ನಾಯುವಿನದಲ್ಲ. ನಿಜವಾದ ಕೆಲಸಕ್ಕೆ ದಿನಕ್ಕೆ 4ರಿಂದ 6 ಗ್ರಾಂನಂತೆ ಎರಡು-ನಾಲ್ಕು ವಾರ ಬೇಕು. ಆಗ ಸ್ನಾಯುವಿನಲ್ಲಿ ಕಾರ್ನೊಸಿನ್ ಹೆಚ್ಚಿ, ಆಮ್ಲ ಏರುವುದನ್ನು ತಡೆದು ಹಿಡಿಯುತ್ತದೆ. ಲಾಭ ಕಾಣುವುದು ಒಂದರಿಂದ ನಾಲ್ಕು ನಿಮಿಷದ ಬಿರುಸಿನ ಶ್ರಮದಲ್ಲಿ. 800 ಮೀಟರ್ ಓಟಕ್ಕೆ ಸರಿ. ಕಬಡ್ಡಿಯ ಒಂದು ರೈಡ್ 30 ಸೆಕೆಂಡಿಗೇ ಮುಗಿಯುತ್ತದೆ, ಅಲ್ಲಿ ಇದರ ಆಸೆ ಕಡಿಮೆ. ಕಾರ್ನೊಸಿನ್ ಇರುವುದು ಮೀನು-ಮಾಂಸದಲ್ಲಿ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಸ್ವಲ್ಪ ಕಡಿಮೆಯೇ.

ಎನರ್ಜಿ ಡ್ರಿಂಕ್ ಡಬ್ಬಿಯ ಟಾರಿನ್ ಮೊದಲು ಸಿಕ್ಕಿದ್ದು 1827ರಲ್ಲಿ, ಎತ್ತಿನ ಪಿತ್ತರಸದಲ್ಲಿ. ಚಿಪ್ಪಿನ ಜೀವಿಗಳಲ್ಲಿ ಅದು ಧಾರಾಳ. ಅಘನಾಶಿನಿ ಅಳಿವೆಯ ಬಳಚಿನ ಸಾರು ಉಂಡವರಿಗೆ ಬೇರೆ ಹೇಳಬೇಕೆ?

ಊಟದಿಂದಲೇ ಬರಬೇಕಾದ ಆ 9ರಲ್ಲಿ ಅನ್ನಕ್ಕೆ ಲೈಸಿನ್ ಸಾಲದು, ಹುರುಳಿಗೆ ಮೆಥಿಯೊನಿನ್ ಸಾಲದು. ಗಂಜಿ-ಹುರುಳಿ ಕೂಡಿದರೆ ಎರಡರ ಕೊರತೆಯೂ ತುಂಬುತ್ತದೆ.

1989ರಲ್ಲಿ ಅಮೆರಿಕದಲ್ಲಿ ಟ್ರಿಪ್ಟೊಫಾನ್ ಮಾತ್ರೆ ನುಂಗಿದವರಿಗೆ ವಿಪರೀತ ಸ್ನಾಯುನೋವಿನ ಕಾಯಿಲೆ ಹಬ್ಬಿತು. ಬಾಧಿತರು 1,500ಕ್ಕೂ ಹೆಚ್ಚು, ಕೆಲವರು ಸತ್ತೂ ಹೋದರು. ಬೇನೆಯ ಜಾಡು ಒಂದೇ ತಯಾರಕರ ಮಾಲಿಗೆ ಹೋಗಿ ನಿಂತಿತು, ಅದರಲ್ಲಿ ಕಲ್ಮಶಗಳು ಸಿಕ್ಕವು. 'ಬರೀ ಅಮೈನೋ ಆಮ್ಲ ಅಲ್ವೇನೋ' ಎನ್ನುವವರಿಗೆ ಇದನ್ನು ಓದಿಸಿ.

ದೀರ್ಘ ಓಟದಲ್ಲಿ ಅಮೈನೋ ಆಮ್ಲಗಳಿಂದ ಬರುವ ಶಕ್ತಿ ಸಾಮಾನ್ಯವಾಗಿ ನೂರಕ್ಕೆ 5ರ ಆಸುಪಾಸು. ಉಳಿದದ್ದೆಲ್ಲ ಸಕ್ಕರೆ-ಪಿಷ್ಟ, ಕೊಬ್ಬಿನದು. ಒಂದು ಗಂಟೆ ಮೀರಿದ ಶ್ರಮಕ್ಕೆ ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಎಂಬುದು ಕ್ರೀಡಾಪೋಷಣೆಯವರ ಲೆಕ್ಕ: ಎರಡು ಬಾಳೆಹಣ್ಣು, ಇಲ್ಲವೇ ಜೋನಿಬೆಲ್ಲದ ಪಾನಕ. ದಮ್ಮು ಬೇಕೆಂದರೆ ನನ್ನ ಓಟು ಪಾನಕಕ್ಕೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ, ಮೈ ಬೆಳೆಸಲು ಪ್ರೋಟೀನು ಪುಡಿ ಬೇಡ ಎಂದೇ ಹೇಳಿದೆ. ಅಮೈನೋ ಆಮ್ಲಗಳು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 'ವಾಡಾ'ದ ನಿಷೇಧಪಟ್ಟಿಯಲ್ಲಿಲ್ಲ, ನಿಜ. ಆದರೆ ಪುಡಿಯಲ್ಲಿ ಬೇರೇನಾದರೂ ಬೆರೆತಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ 'ನಂಗೆ ಗೊತ್ತಿರ್ಲಿಲ್ಲ' ಎಂದಷ್ಟಕ್ಕೇ ಬಿಡುಗಡೆಯಿಲ್ಲ. ಆಟಗಾರನ ಮೈಯಲ್ಲಿ ಸಿಕ್ಕಿದ್ದಕ್ಕೆ ಹೊಣೆ ಆಟಗಾರನೇ.