ಉಂಗುರ ಕೊಳ್ಳುವಾಗ ಅಡಿಭಾಗ ನೋಡಿ

ಉಂಗುರ ಕೊಳ್ಳಲು ಅಂಗಡಿಗೆ ಹೋದವರು ನೋಡುವುದು ಮೇಲಿನ ಹರಳು, ಹೂವಿನ ಕೆಲಸ, ಮತ್ತೆ ತೂಕ. ಅಂಗೈ ಕಡೆಗೆ ತಿರುಗಿರುವ ಅಡಿಯ ಪಟ್ಟಿಯನ್ನು ನೋಡುವವರು ಕಡಿಮೆ. ಆದರೆ ಉಂಗುರ ಹೆಚ್ಚು ಸವೆಯುವುದು ಅಲ್ಲಿ, ತುಂಡಾಗುವುದೂ ಅಲ್ಲಿಯೇ. ಬಿಗಿಯಾದಾಗ, ಸಡಿಲಾದಾಗ ಅಕ್ಕಸಾಲಿಗರು ಕತ್ತರಿಸಿ ಜೋಡಿಸುವ ಜಾಗವೂ ಅದೇ. ಹಾಗಾಗಿ ಅಡಿಭಾಗ ಗಟ್ಟಿಯಿದ್ದರೆ ಉಂಗುರ ಮೊಮ್ಮಕ್ಕಳ ಕಾಲದವರೆಗೂ ಉಳಿದೀತು. ಅದು ತೆಳುವಾಗಿದ್ದರೆ ಮೇಲಿನ ಹರಳು ಎಷ್ಟು ಚಂದ ಇದ್ದರೂ ಪ್ರಯೋಜನವಿಲ್ಲ.

ನಮ್ಮ ಮನೆಗಳಲ್ಲಿ ಚಿನ್ನವೆಂದರೆ ಬರೀ ಅಲಂಕಾರ ಅಲ್ಲ. ಮಹರ್ ಆಗಿ ಬಂದ ಚಿನ್ನ ಹೆಣ್ಣಿನ ಸ್ವಂತ ಆಸ್ತಿ. ಉಮ್ಮ ತನ್ನ ಕೈಯಿಂದ ತೆಗೆದು ಮಗಳಿಗೆ ಹಾಕಿದ ಉಂಗುರಕ್ಕೆ ಬೆಲೆ ಕಟ್ಟಲಿಕ್ಕೆ ಆಗುವುದಿಲ್ಲ. ಆದರೆ ಉಮ್ಮನ ಬೆರಳು ಮತ್ತು ಮಗಳ ಬೆರಳು ಒಂದೇ ಅಳತೆ ಇರುವುದು ಅಪರೂಪ. ಒಬ್ಬಳದೇ ಬೆರಳು ಕೂಡ ಮದುವೆಯ ಹೊತ್ತಿಗೆ ಒಂದು ಅಳತೆ, ಬಸುರಿಯಾದಾಗ ಒಂದು ಅಳತೆ, ಐವತ್ತು ದಾಟಿದ ಮೇಲೆ ಮತ್ತೊಂದು. ಹಾಗಾಗಿ ಉಂಗುರ ಉಳಿಯಬೇಕಾದರೆ ಎರಡು ಕೆಲಸ ಒಟ್ಟಿಗೆ ಆಗಬೇಕು: ಸವೆತ ಕಡಿಮೆ ಮಾಡಬೇಕು, ಅಳತೆ ಬದಲಿಸುವ ಅವಕಾಶವನ್ನೂ ಇಟ್ಟುಕೊಳ್ಳಬೇಕು.

ಚಿನ್ನ ಸವೆಯುವುದು ಹೇಗೆ?

22 ಕ್ಯಾರೆಟ್ ಅಂದರೆ ನೂರರಲ್ಲಿ 91.6 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ ಇತ್ಯಾದಿ. ಇದು ಮೆತ್ತಗಿನ ಲೋಹ. ನಮ್ಮ ಅಂಗಳದ ಮರಳು, ಮನೆಯೊಳಗಿನ ಧೂಳು ಇದಕ್ಕಿಂತ ಎಷ್ಟೋ ಗಟ್ಟಿ. ಸ್ಟೀಲ್ ಸ್ಕ್ರಬ್ಬರ್ ಹಿಡಿದು ಪಾತ್ರೆ ತಿಕ್ಕುವಾಗ, ಬೂತಾಯಿ ಬಂಗುಡೆಗೆ ಕಲ್ಲುಪ್ಪು ಹಾಕಿ ಉಜ್ಜಿ ತೊಳೆಯುವಾಗ, ಬೀಡಿ ಎಲೆಗೆ ಕತ್ತರಿ ಹಿಡಿದಾಗ, ಬಸ್ಸಿನ ಕಂಬಿಗೆ ಕೈ ಕೊಟ್ಟಾಗ, ಪ್ರತಿ ಸಲವೂ ಅಡಿಯ ಪಟ್ಟಿಯಿಂದ ಕಣ್ಣಿಗೆ ಕಾಣದಷ್ಟು ಚಿನ್ನ ಹೋಗುತ್ತದೆ. ವರ್ಷಗಟ್ಟಲೆ ಹೀಗೆ ಹೋದರೆ ಅಡಿ ತಂತಿಯಷ್ಟು ತೆಳ್ಳಗಾಗುತ್ತದೆ.

ಪಕ್ಕಪಕ್ಕದಲ್ಲಿ ಎರಡು ಉಂಗುರ ಹಾಕಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ವಜ್ರದ ಉಂಗುರದ ಪಕ್ಕ 22 ಕ್ಯಾರೆಟ್ ಉಂಗುರ ಹಾಕಿದರಂತೂ ಅರದಿಂದ ತಿಕ್ಕಿದ ಹಾಗೆ. ಅವೆರಡನ್ನು ಬೇರೆ ಬೇರೆ ಬೆರಳಿಗೆ, ಆದರೆ ಬೇರೆ ಬೇರೆ ಕೈಗೇ ಹಾಕುವುದು ಒಳ್ಳೆಯದು. ಪೆಟ್ಟಿಗೆಯಲ್ಲಿಡುವಾಗಲೂ ಒಂದೊಂದನ್ನು ಪ್ರತ್ಯೇಕವಾಗಿ ಮೆತ್ತಗಿನ ಬಟ್ಟೆಯಲ್ಲಿ ಸುತ್ತಿಡಿ.

ಮಳೆಗಾಲದಲ್ಲಿ ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುವುದು ನಮ್ಮ ಊರಲ್ಲಿ ಮಾಮೂಲು. ಅದರ ಕ್ಲೋರಿನ್ ಚಿನ್ನದ ಜೊತೆ ಬೆರೆಸಿದ ತಾಮ್ರ ಮುಂತಾದ ಲೋಹಗಳನ್ನೂ, ಬೆಸುಗೆ ಹಾಕಿದ ಜಾಗವನ್ನೂ ದುರ್ಬಲ ಮಾಡುತ್ತದೆ. ಆ ಕೆಲಸಕ್ಕೆ ಮೊದಲು ಉಂಗುರ ತೆಗೆದಿಡಿ. ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರ್ ಒಡೆದರೆ ಉಂಗುರದ ಕೈಯಿಂದ ಪಾದರಸ ಮುಟ್ಟಲೇಬೇಡಿ. ಪಾದರಸ ಚಿನ್ನದೊಳಗೆ ಸೇರಿ ಅದನ್ನು ಬೆಳ್ಳಗೆ ಮಾಡಿ ಹಾಳುಗೆಡವುತ್ತದೆ.

ಪಾಲಿಶ್ ಕೂಡ ಸವೆತವೇ. ಯಂತ್ರದಲ್ಲಿ ತಿಕ್ಕಿ ಹೊಳಪು ಕೊಡುವುದೆಂದರೆ ಮೇಲಿನ ಪದರ ಸ್ವಲ್ಪ ತೆಗೆಯುವುದು. ಪ್ರತಿ ಹಬ್ಬಕ್ಕೂ ಪಾಲಿಶ್ ಬೇಕಾಗಿಲ್ಲ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತಗಿನ ಬ್ರಷ್ ಸಾಕು. ಟೂತ್‌ಪೇಸ್ಟ್, ಬೂದಿ, ಪಾತ್ರೆ ಪುಡಿ ಬೇಡ. ಮನೆ ಬಾಗಿಲಿಗೆ ಬಂದು “ಅಕ್ಕಾ, ಚಿನ್ನ ಪಾಲಿಶ್ ಮಾಡಿ ಕೊಡ್ತೇವೆ” ಅನ್ನುವವರ ಕೈಗೆ ಉಂಗುರ ಕೊಡಲೇಬೇಡಿ. ಕೆಲವರು ಬಳಸುವ ಆಸಿಡ್ ಮಿಶ್ರಣ ಚಿನ್ನವನ್ನೇ ಕರಗಿಸಿ ಇಳಿಸಿಕೊಳ್ಳುತ್ತದೆ. ಕೈಗೆ ಬರುವ ಉಂಗುರ ಹೊಳೆಯುತ್ತಿರುತ್ತದೆ, ತೂಕ ಮಾತ್ರ ಕಡಿಮೆಯಾಗಿರುತ್ತದೆ.

ಎರಡು ಎಟಿಎಂ ಕಾರ್ಡಿನ ಅಳತೆ

ದಿನಾ ಹಾಕುವ ಉಂಗುರದ ಅಡಿಪಟ್ಟಿ ಸುಮಾರು 1.5 ಮಿಲಿಮೀಟರ್ ದಪ್ಪ ಇದ್ದರೆ ಒಳ್ಳೆಯದು. ಮನೆಯಲ್ಲಿ ಅಳತೆಯ ಸಾಧನ ಇಲ್ಲದಿದ್ದರೂ ತೊಂದರೆ ಇಲ್ಲ. ಒಂದು ಎಟಿಎಂ ಕಾರ್ಡಿನ ದಪ್ಪ ಸುಮಾರು 0.76 ಮಿ.ಮೀ. ಎರಡು ಕಾರ್ಡ್ ಒತ್ತಿ ಹಿಡಿದರೆ 1.5 ಮಿ.ಮೀ. ಆಯ್ತು. ಉಂಗುರದ ಅಡಿಯನ್ನು ಅದರ ಪಕ್ಕ ಇಟ್ಟು ನೋಡಿ. ಒಂದೇ ಕಾರ್ಡಿನಷ್ಟು ತೆಳುವಾಗಿದ್ದರೆ ಇನ್ನು ತಡಮಾಡದೆ ಅಕ್ಕಸಾಲಿಗರಿಗೆ ತೋರಿಸಿ.

ಕೊಳ್ಳುವಾಗ ಇನ್ನೊಂದು ವಿಷಯ ಗಮನಿಸಿ. ಸುತ್ತಲೂ ಹರಳು ಕೂರಿಸಿದ, ಇಲ್ಲವೇ ಸುತ್ತಲೂ ಕೆತ್ತನೆ ಮಾಡಿದ ಉಂಗುರ ನೋಡಲು ಚಂದ, ಆದರೆ ಅಳತೆ ಬದಲಿಸಲು ಕತ್ತರಿಸುವ ಜಾಗವೇ ಇರುವುದಿಲ್ಲ. ಅಡಿಯಲ್ಲಿ ಕಾಲು ಸುತ್ತಾದರೂ ಖಾಲಿ ಪಟ್ಟಿ ಇರಲಿ. ಒಳಗೆ ಪೊಳ್ಳಾಗಿದ್ದು ಅರಗು ತುಂಬಿಸಿದ ಉಂಗುರಕ್ಕೆ ಬೆಂಕಿ ತಾಗಿದರೆ ಅರಗು ಕರಗುತ್ತದೆ. ಒಂದು ಗ್ರಾಂ ಗೋಲ್ಡ್ ಎಂಬ ಲೇಪದ ಉಂಗುರವನ್ನು ಬೆಸೆಯಲು ಹೋದರೆ ಲೇಪವೇ ಸುಟ್ಟು ಹೋಗುತ್ತದೆ. ದಿನಬಳಕೆಗೆ ಹರಳಿನ ಉಂಗುರ ಬೇಕಿದ್ದರೆ 18 ಕ್ಯಾರೆಟ್ ಕೇಳಿ. ಅದರಲ್ಲಿ ಚಿನ್ನ 75 ಪಾಲು ಮಾತ್ರ, ಆದರೆ ಲೋಹ ಗಟ್ಟಿ, ಹರಳನ್ನು ಬಿಗಿಯಾಗಿ ಹಿಡಿಯುತ್ತದೆ.

ಗಲ್ಫ್‌ನಿಂದ ಬರುವ ಉಂಗುರ

ದುಬೈಯಲ್ಲೋ ದಮಾಮ್‌ನಲ್ಲೋ ಇರುವವರು ರಜೆಗೆ ಬರುವಾಗ ಅಂದಾಜಿನಲ್ಲಿ ಉಂಗುರ ತರುತ್ತಾರೆ. ಇಲ್ಲಿ ಹಾಕಿ ನೋಡಿದರೆ ಒಂದೋ ಗಂಟಿನಲ್ಲಿ ಸಿಕ್ಕಿಬೀಳುತ್ತದೆ, ಇಲ್ಲದಿದ್ದರೆ ಜಾರಿ ಬೀಳುತ್ತದೆ. ಉಂಗುರದ ಸೈಝ್ ನಂಬರು ಊರಿಂದೂರಿಗೆ ಬೇರೆ ಇರುವುದೇ ಇದಕ್ಕೆ ಒಂದು ಕಾರಣ. ಇಲ್ಲಿಯ ನಂಬರು ಅಲ್ಲಿ ನಡೆಯುವುದಿಲ್ಲ, ಆದರೆ ಮಿಲಿಮೀಟರ್ ಎಲ್ಲ ಕಡೆಯೂ ಒಂದೇ. ಸರಿಯಾಗಿ ಹಿಡಿಯುವ ಒಂದು ಉಂಗುರವನ್ನು ಸ್ಕೇಲ್ ಮೇಲಿಟ್ಟು ಒಳಗಿನ ಅಗಲ ಎಷ್ಟು ಮಿಲಿಮೀಟರ್ ಎಂದು ನೋಡಿ ಫೋನಿನಲ್ಲಿ ಹೇಳಿ. ಒಳ ಅಗಲ 17 ಮಿ.ಮೀ. ಇದ್ದರೆ ಒಳಸುತ್ತಳತೆ ಸುಮಾರು 53.4 ಮಿ.ಮೀ. ಯಾವ ಬೆರಳಿಗೆ ಎಂಬುದನ್ನೂ ತಿಳಿಸಿ. ಸೆಖೆಗೆ ಬೆರಳು ಊದುತ್ತದೆ, ತಂಪಿಗೆ ಸಣ್ಣದಾಗುತ್ತದೆ. ಹಾಗಾಗಿ ಒಂದೇ ಸಲ ಅಳೆದು ಬಿಡದೆ ಬೆಳಗ್ಗೆಯೂ ಸಂಜೆಯೂ ಹಾಕಿ ನೋಡಿ.

ದೊಡ್ಡದು ಮಾಡುವುದು, ಸಣ್ಣದು ಮಾಡುವುದು

ಹರಳಿಲ್ಲದ ಉಂಗುರವನ್ನು ಸ್ವಲ್ಪ ದೊಡ್ಡದು ಮಾಡಬೇಕಾದರೆ ಕೋಲಿಗೆ ಹಾಕಿ ಹಿಗ್ಗಿಸುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಹೊಸ ಚಿನ್ನ ಸೇರುವುದಿಲ್ಲ, ಇದ್ದದ್ದೇ ಎಳೆದು ತೆಳ್ಳಗಾಗುತ್ತದೆ. ಈಗಾಗಲೇ ಸವೆದ ಉಂಗುರವನ್ನು ಹಿಗ್ಗಿಸಿದರೆ ಅದು ತೆಳುವಾದ ಜಾಗದಲ್ಲೇ ಬಿರುಕು ಬಿಡುತ್ತದೆ.

ಇನ್ನೊಂದು ವಿಧಾನ ಅಡಿಯಲ್ಲಿ ಕತ್ತರಿಸಿ ತುಂಡು ಸೇರಿಸುವುದು. ಒಳ ಅಗಲ 1 ಮಿ.ಮೀ. ಹೆಚ್ಚಾಗಬೇಕಾದರೆ ಸುತ್ತಳತೆಗೆ 3.14 ಮಿ.ಮೀ. ಚಿನ್ನ ಬೇಕು. 2 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಪಟ್ಟಿಯಾದರೆ ಆ ತುಂಡು ಹೆಚ್ಚು ಕಡಿಮೆ 170 ಮಿಲಿಗ್ರಾಂ. ಈ ಲೆಕ್ಕ ಗೊತ್ತಿದ್ದರೆ ಸೇರಿಸಿದ ಚಿನ್ನಕ್ಕೆ ಎಷ್ಟು ಕೊಡಬೇಕೆಂಬ ಅಂದಾಜು ನಿಮಗೇ ಸಿಗುತ್ತದೆ. ಸಣ್ಣದು ಮಾಡುವಾಗ ಕತ್ತರಿಸಿದ ತುಂಡನ್ನು ಕೇಳಿ ತೆಗೆದುಕೊಳ್ಳಿ, ಅದು ನಿಮ್ಮದೇ ಚಿನ್ನ.

ಅಡಿ ಪೂರ್ತಿ ಸವೆದಿದ್ದರೆ ಅರ್ಧ ಸುತ್ತು ತೆಗೆದು ಅದೇ ಕ್ಯಾರೆಟಿನ ಹೊಸ ಪಟ್ಟಿ ಹಾಕಿಸುವುದೇ ಸರಿ. ಉಮ್ಮನ ಹಳೆಯ ಉಂಗುರವನ್ನು ಮಗಳಿಗೆ ಕೊಡುವಾಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೇಲಿನ ಹಳೆಯ ಕೆಲಸ ಹಾಗೇ ಉಳಿಯುತ್ತದೆ, ಅಡಿ ಗಟ್ಟಿಯಾಗುತ್ತದೆ, ಅಳತೆಯೂ ಅದೇ ಕೆಲಸದಲ್ಲಿ ಸರಿಯಾಗುತ್ತದೆ. “ಹಳೆಯದು ಕೊಟ್ಟು ಹೊಸದು ತಗೊಳ್ಳಿ” ಎಂದು ಅಂಗಡಿಯವರು ಹೇಳಿದ ಕೂಡಲೇ ಒಪ್ಪಬೇಡಿ. ಬದಲಿಸಿದರೆ ಹೊಸದಕ್ಕೆ ಮಜೂರಿ ಕೊಡಬೇಕು, ಉಮ್ಮನ ನೆನಪೂ ಕರಗಿ ಹೋಗುತ್ತದೆ.

ಮುತ್ತು, ಹವಳ, ಅಕೀಕ್ ಇರುವ ಉಂಗುರವನ್ನು ಬೆಂಕಿಗೆ ಹಿಡಿಯುವ ಮೊದಲು ಹರಳು ತೆಗೆಯಬೇಕು. ಇದನ್ನು ಮೊದಲೇ ಮಾತಾಡಿಕೊಳ್ಳಿ. ನಮ್ಮ ಗಂಡಸರು ಹಾಕುವುದು ಬೆಳ್ಳಿ ಉಂಗುರ. ಬೆಳ್ಳಿಯಲ್ಲಿ ಶಾಖ ಬೇಗ ಹರಡುವುದರಿಂದ ಅಡಿಯಲ್ಲಿ ಬೆಸೆದರೂ ಮೇಲಿನ ಹರಳಿಗೆ ಬಿಸಿ ತಲುಪುತ್ತದೆ. ಅದಕ್ಕೆ ಇನ್ನೂ ಹೆಚ್ಚು ಜಾಗ್ರತೆ ಬೇಕು.

ಬೆರಳಿನ ಗಂಟು ದಪ್ಪ, ಬುಡ ಸಪುರ ಇರುವವರಿಗೆ ಗಂಟು ದಾಟಿ ಬಂದ ಉಂಗುರ ಬುಡದಲ್ಲಿ ತಿರುಗುತ್ತಾ ಇರುತ್ತದೆ. ಅಂಥವರು ಅಳತೆ ಸಣ್ಣದು ಮಾಡಿಸುವುದು ಬೇಡ. ಒಳಗೆ ಅಡಿಭಾಗದಲ್ಲಿ ಎರಡು ಸಣ್ಣ ಚಿನ್ನದ ಗುಂಡು ಬೆಸೆಯಿಸಿದರೆ ತಿರುಗುವುದು ನಿಲ್ಲುತ್ತದೆ, ಬೇಡವೆಂದಾಗ ತೆಗೆಸಬಹುದು.

ಸಡಿಲ ಉಂಗುರಕ್ಕೆ ನೂಲು ಸುತ್ತುವುದು ಹಳೆಯ ಉಪಾಯ. ಮದುವೆ ಮನೆಗೆ ಹೋಗಿ ಬರುವವರೆಗೆ ಸಾಕು. ತಿಂಗಳುಗಟ್ಟಲೆ ಬಿಟ್ಟರೆ ಪತ್ತಿರ್ ಹಿಟ್ಟು, ಮೀನಿನ ನೀರು, ಸೋಪು ಎಲ್ಲ ಅದರಲ್ಲಿ ಸೇರಿ ಚರ್ಮ ಬೆಳ್ಳಗಾಗಿ ತುರಿಸುತ್ತದೆ. ನೂಲಿನಲ್ಲಿ ಸಿಕ್ಕಿದ ಮರಳು ಚಿನ್ನವನ್ನೂ ತಿನ್ನುತ್ತದೆ. ಬಾಯಿ ತೆರೆದ ಉಂಗುರವನ್ನು ದಿನಾ ಒತ್ತಿ ಬಿಚ್ಚಿ ಮಾಡುವುದೂ ಬೇಡ. ಬಗ್ಗಿಸಿದಷ್ಟೂ ಲೋಹ ಬಿರುಸಾಗಿ ಕೊನೆಗೆ ಮುರಿಯುತ್ತದೆ.

ಬಿಗಿಯೂ ಬೇಡ, ಸಡಿಲವೂ ಬೇಡ

ವುಝೂ ಮಾಡುವಾಗ ಉಂಗುರದ ಅಡಿಯ ಚರ್ಮಕ್ಕೂ ನೀರು ತಲುಪಬೇಕು. ಬಿಗಿ ಉಂಗುರ ಇದ್ದವರು ಅದನ್ನು ಅಲುಗಾಡಿಸಿಯೋ ತೆಗೆದೋ ನೀರು ಹರಿಸಬೇಕು. ಅಲುಗಾಡಿಸಲಿಕ್ಕೂ ಆಗದಷ್ಟು ಬಿಗಿಯಾಗಿದ್ದರೆ ಅಳತೆ ಬದಲಿಸುವ ಹೊತ್ತು ಬಂದಿದೆ ಎಂದೇ ಅರ್ಥ.

ಉಂಗುರ ಜಾರಿ ಹೋಗುವ ನೋವು ಹೊಸದಲ್ಲ. ಪ್ರವಾದಿ ಮುಹಮ್ಮದ್ (ಸ) ಮುದ್ರೆಯಾಗಿ ಬಳಸುತ್ತಿದ್ದ ಬೆಳ್ಳಿ ಉಂಗುರ ಮುಂದೆ ಖಲೀಫ ಉಸ್ಮಾನ್ (ರ) ಅವರ ಕೈಗೆ ಬಂದಿತ್ತು. ಅದು ಮದೀನದ ಅರೀಸ್ ಬಾವಿಗೆ ಬಿದ್ದು, ಮೂರು ದಿನ ಹುಡುಕಿ ನೀರು ಬತ್ತಿಸಿದರೂ ಸಿಗಲಿಲ್ಲವೆಂದು ಹದೀಸ್‌ಗಳಲ್ಲಿದೆ. ಬಾವಿಕಟ್ಟೆಯಲ್ಲಿ, ಹೊಳೆ ಬದಿಯಲ್ಲಿ, ಬಟ್ಟೆ ಒಗೆಯುವಲ್ಲಿ ಸಡಿಲ ಉಂಗುರ ಬೇಡ.

ಬೆರಳಿನಲ್ಲಿ ಉಂಗುರ ಸಿಕ್ಕಿಕೊಂಡರೆ ಎಳೆದಾಡಬೇಡಿ. ಕೈ ಮೇಲಕ್ಕೆ ಎತ್ತಿ ಹಿಡಿದು, ತಣ್ಣೀರಿನಲ್ಲಿಟ್ಟು, ಎಣ್ಣೆ ಅಥವಾ ಸೋಪು ಹಚ್ಚಿ ಮೆಲ್ಲಗೆ ತಿರುಗಿಸಿ. ಆಗದಿದ್ದರೆ ನೂಲಿನ ಒಂದು ತುದಿಯನ್ನು ಉಂಗುರದ ಅಡಿಯಿಂದ ಅಂಗೈ ಕಡೆಗೆ ತೂರಿಸಿ. ಉಳಿದ ನೂಲನ್ನು ಉಂಗುರದಿಂದ ಗಂಟು ದಾಟುವವರೆಗೆ ಒತ್ತೊತ್ತಾಗಿ ಸುತ್ತಿ, ತೂರಿಸಿದ ತುದಿಯನ್ನು ಹಿಡಿದು ಬಿಚ್ಚುತ್ತಾ ಬಂದರೆ ಉಂಗುರ ಮುಂದೆ ಸರಿಯುತ್ತದೆ. ಬೆರಳು ನೀಲಿಯಾದರೆ, ಮರಗಟ್ಟಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ ಕತ್ತರಿಸಿ. ಅಗ್ನಿಶಾಮಕ ದಳದವರೂ ಇಂಥ ಉಂಗುರ ಕತ್ತರಿಸಿ ಕೊಡುವುದುಂಟು. ಚಿನ್ನವನ್ನು ಮತ್ತೆ ಬೆಸೆಯಬಹುದು, ಬೆರಳನ್ನು ಆಗದು. ಬಸುರಿಯರು, ಕೈ ಊದುವ ಕಾಯಿಲೆಯವರು, ಶಸ್ತ್ರಚಿಕಿತ್ಸೆಗೆ ಹೋಗುವವರು ಮೊದಲೇ ತೆಗೆದಿಡುವುದು ಲೇಸು.

ಕೆಲಸಕ್ಕೆ ಕೊಡುವಾಗ

ಉಂಗುರವನ್ನು ನಿಮ್ಮ ಕಣ್ಣೆದುರೇ ತೂಗಿಸಿ, ಚೀಟಿಯಲ್ಲಿ ಬರೆಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಹಿಂದೆ ಪಡೆಯುವಾಗ ಮತ್ತೆ ತೂಗಿಸಿ. ಒಳಗೆ ಹಾಲ್‌ಮಾರ್ಕ್ ಇದ್ದರೆ ಅದು ಎಲ್ಲಿದೆ ಎಂದು ತೋರಿಸಿ, ಅದನ್ನು ಬಿಟ್ಟು ಬೇರೆ ಕಡೆ ಕತ್ತರಿಸಲು ಹೇಳಿ. 2023ರ ಏಪ್ರಿಲ್ 1ರಿಂದ ಅಂಗಡಿಗಳು ಮಾರುವ ಹಾಲ್‌ಮಾರ್ಕ್ ಚಿನ್ನದಲ್ಲಿ ಆರು ಅಕ್ಷರ-ಅಂಕೆಗಳ ಎಚ್‌ಯುಐಡಿ ಇರಲೇಬೇಕು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. 2 ಗ್ರಾಂಗಿಂತ ಕಡಿಮೆ ತೂಕದ ಆಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಹಾಗಾಗಿ ಹಗುರ ಉಂಗುರ ಕೊಳ್ಳುವಾಗ ಬಿಲ್‌ನಲ್ಲಿ ಕ್ಯಾರೆಟ್ ಬರೆಸಿಕೊಳ್ಳಿ.

ವರ್ಷಕ್ಕೊಮ್ಮೆ, ಪೆರ್ನಾಲ್‌ಗೆ ಮೊದಲು ಆಭರಣ ಹೊರಗೆ ತೆಗೆಯುವಾಗ, ಒಂದೊಂದು ಉಂಗುರವನ್ನೂ ತಿರುಗಿಸಿ ಅಡಿ ನೋಡಿ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ತಟ್ಟಿ. ಹರಳು ಅಲುಗಿದ ಸದ್ದು ಬಂದರೆ ಅಥವಾ ಅಡಿ ತೆಳ್ಳಗಾಗಿದ್ದರೆ ತುಂಡಾಗುವ ಮೊದಲೇ ರಿಪೇರಿ ಮಾಡಿಸಿ.