ಪಾನವ್ಯಸನದ ಚಿಕಿತ್ಸೆ: ಮದ್ದು ಮತ್ತು ಮದ್ದು ಕೊಡುವ ಕೈ

ಮಲಾಡ್ ನಿಲ್ದಾಣದಿಂದ ಪಶ್ಚಿಮಕ್ಕೆ, ಮಾರ್ವೆಯ ಕಡಲಿನತ್ತ ಹೋಗುವ ದಾರಿಯಲ್ಲಿ ಮಾಲ್ವಣಿ ಎಂಬ ದಟ್ಟವಾದ ವಸತಿಯುಂಟು. 2015ನೆಯ ಇಸವಿಯ ಜೂನ್ ತಿಂಗಳ ನಡುವಿನಲ್ಲಿ ಅಲ್ಲಿಯ ಲಕ್ಷ್ಮೀನಗರವೆಂಬ ಕೇರಿಯಲ್ಲಿ ಮಾರಿದ ಕಳ್ಳ ಸಾರಾಯಿಯನ್ನು ಕುಡಿದು ನೂರಕ್ಕೂ ಮಿಕ್ಕಿ ಜನರು ಕೆಲವೇ ದಿನಗಳಲ್ಲಿ ಅಸುನೀಗಿದರು. ಅವರಲ್ಲಿ ಬಹುಮಂದಿ ದಿನಗೂಲಿಯಿಂದ ಬದುಕುತ್ತಿದ್ದವರು. 2024ರಲ್ಲಿ ಸೆಷನ್ಸ್ ನ್ಯಾಯಾಲಯವು ನಾಲ್ವರನ್ನು ಅಪರಾಧಿಗಳೆಂದು ತೀರ್ಮಾನಿಸಿತು. ಕಾನೂನಿನ ಕಡೆಯಿಂದ ವಿಷಯವು ಹೀಗೆ ಸಾಗಿತು. ವೈದ್ಯಶಾಸ್ತ್ರದ ಕಡೆಯಿಂದ ನೋಡಿದರೆ ಆ ದುರಂತದೊಳಗೆ ಎರಡು ಬೇರೆ ಬೇರೆ ರೋಗಗಳಿದ್ದುವು. ಜನರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ಕಾಣುತ್ತಾರೆ.

ಮೊದಲನೆಯದು ಮೆಥೆನಾಲಿನ ವಿಷ. ಕಾರ್ಖಾನೆಗಳಲ್ಲಿ ಬಳಕೆಯಾಗುವ ಈ ದ್ರವವು ವಾಸನೆಯಲ್ಲಿಯೂ ಅಮಲಿನಲ್ಲಿಯೂ ಮದ್ಯಸಾರದಂತೆಯೇ ತೋರುತ್ತದೆ. ಹೊಟ್ಟೆಗೆ ಹೋದ ಕೂಡಲೇ ಅದು ಕೊಲ್ಲುವುದಿಲ್ಲ. ಯಕೃತ್ತಿನ ಕಿಣ್ವವೊಂದು ಅದನ್ನು ಮೆಲ್ಲನೆ ಫಾರ್ಮಿಕ್ ಆಮ್ಲದವರೆಗೆ ಮಾರ್ಪಡಿಸುತ್ತದೆ. ಆ ಆಮ್ಲವು ರಕ್ತವನ್ನು ಕೆಡಿಸಿ ಕಣ್ಣಿನ ನರವನ್ನು ಸುಡುತ್ತದೆ. ಆದಕಾರಣವೇ ಕುಡಿದವನು ರಾತ್ರಿ ಸುಖವಾಗಿ ಮಲಗಿ, ಮರುದಿನ ಕಣ್ಣು ಮಂಜಾಗಿ, ವಾಂತಿಯಾಗಿ, ಉಸಿರುಗಟ್ಟಿ ಆಸ್ಪತ್ರೆಗೆ ಬರುವುದು. ಇದಕ್ಕೆ ಮದ್ದೆಂದರೆ, ವಿಚಿತ್ರವೆನಿಸಿದರೂ, ಶುದ್ಧವಾದ ಮದ್ಯಸಾರವೇ: ಅದೇ ಕಿಣ್ವವು ಮೆಥೆನಾಲಿಗಿಂತ ಎಥನಾಲನ್ನು ಹೆಚ್ಚು ಇಷ್ಟಪಟ್ಟು ಹಿಡಿದುಕೊಳ್ಳುವುದರಿಂದ ವಿಷವು ಹುಟ್ಟುವುದು ತಡೆಯುತ್ತದೆ. ಫೋಮೆಪಿಜೋಲ್ ಎಂಬ ಮದ್ದೂ ಅದೇ ಕೆಲಸ ಮಾಡುತ್ತದೆ. ಉಳಿದ ವಿಷವನ್ನು ಡಯಾಲಿಸಿಸ್ ಯಂತ್ರದಿಂದ ತೆಗೆಯುತ್ತಾರೆ. ರೋಗಿ ಬೇಗ ಬಂದರೆ ಬದುಕುತ್ತಾನೆ.

ಆದರೆ ಬದುಕಿದವನು ಎಂಟು ದಿನಗಳ ಮೇಲೆ ಅದೇ ಗಲ್ಲಿಗೆ ಮರಳಿ ಹೋಗಿ ಅದೇ ಗಾಜಿನ ಲೋಟವನ್ನು ಹಿಡಿಯುವಂತೆ ಮಾಡುವುದು ಎರಡನೆಯ ರೋಗ. ಇದಕ್ಕೆ ಕನ್ನಡದಲ್ಲಿ ಚಟವೆಂದೂ ವ್ಯಸನವೆಂದೂ ಹೆಸರು. ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ಬೇಟೆ, ಜೂಜು, ಸ್ತ್ರೀ, ಪಾನ ಈ ನಾಲ್ಕನ್ನು ಕಾಮಜ ವ್ಯಸನಗಳೆಂದು ಎಣಿಸುವಾಗ, ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವಂಥದು ಎಂಬ ಅರ್ಥವನ್ನೇ ಇಟ್ಟುಕೊಂಡಿದ್ದಾನೆ. ನಮ್ಮ ಮಾತಿನಲ್ಲಿ ವ್ಯಸನವೆಂದರೆ ದುಃಖವೂ ಹೌದು. ಚಟವೆಂಬ ಮಾತಿನಲ್ಲಿ ನಿಂದೆ ಇದೆ. ವ್ಯಸನದಲ್ಲಿ ಸ್ವಲ್ಪ ಕನಿಕರವಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯು 1964ರಲ್ಲಿ ಇವೆರಡನ್ನೂ ಹೋಲದ ‘ಅವಲಂಬನೆ’ ಎಂಬರ್ಥದ ಪದವನ್ನು ಆರಿಸಿಕೊಂಡಿತು. ದೇಹವೂ ಮನಸ್ಸೂ ಒಂದು ಪದಾರ್ಥಕ್ಕೆ ಆತುಕೊಂಡಿರುವ ಸ್ಥಿತಿಯೆಂಬುದು ಅದರ ತಾತ್ಪರ್ಯ. ಚಿಕಿತ್ಸೆಯನ್ನು ತಿಳಿಯಲು ಈ ಪದವೇ ಹೆಚ್ಚು ಉಪಕಾರಿ.

ಆತುಕೊಂಡಿದ್ದನ್ನು ಒಮ್ಮೆಗೇ ಎಳೆದರೆ ಬೀಳುವುದು ಸಹಜವಷ್ಟೆ. ಮದ್ಯವು ಮಿದುಳನ್ನು ಮಂಕಾಗಿಸುತ್ತದೆ. ವರ್ಷಗಟ್ಟಲೆ ಕುಡಿದವನ ಮಿದುಳು ಆ ಮಂಕಿಗೆ ಎದುರಾಗಿ ತನ್ನನ್ನು ಕೆರಳಿಸಿಟ್ಟುಕೊಂಡಿರುತ್ತದೆ. ಕುಡಿತ ನಿಂತೊಡನೆ ಕೆರಳಿಕೆಯೊಂದೇ ಉಳಿಯುತ್ತದೆ. ಕೆಲವು ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರೆಗೇಡು. ಒಂದೆರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂಥ ಸೆಳವು. ಎರಡು ಮೂರನೆಯ ದಿನಕ್ಕೆ ಕೆಲವರಿಗೆ ಇಲ್ಲದ್ದು ಕಾಣುವ, ಇಲ್ಲದ್ದು ಕೇಳುವ ಸನ್ನಿ. ಈ ಸನ್ನಿಯು ಪ್ರಾಣವನ್ನೂ ತೆಗೆಯಬಲ್ಲುದು. 2020ರ ಮಾರ್ಚಿ ತಿಂಗಳ ಕೊನೆಯಲ್ಲಿ ದೇಶಾದ್ಯಂತ ಮದ್ಯದಂಗಡಿಗಳು ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಇಂಥ ರೋಗಿಗಳು ಹೆಚ್ಚಿದುದನ್ನು ವೈದ್ಯರು ದಾಖಲಿಸಿದ್ದಾರೆ. ಕೇರಳ ಸರಕಾರವು ಆಗ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಬಹುದೆಂದು ಆಜ್ಞೆ ಹೊರಡಿಸಿತು. ಉಚ್ಚ ನ್ಯಾಯಾಲಯವು ಅದನ್ನು ತಡೆಹಿಡಿಯಿತು. ಮುಂಬಯಿಯವರಿಗೆ ಈ ವಿಚಾರ ಹೊಸತೇನಲ್ಲ. 1949ರ ಮುಂಬಯಿ ಪಾನನಿಷೇಧ ಕಾನೂನಿನಲ್ಲಿಯೇ ಆರೋಗ್ಯದ ಸಲುವಾಗಿ ಕುಡಿಯುವವನಿಗೆ ಪರ್ಮಿಟ್ ಕೊಡುವ ಏರ್ಪಾಡಿತ್ತು. ಪರ್ಮಿಟ್ಟು ಕುಡಿಯುವವನನ್ನು ಕಾಗದದ ಮೇಲೆ ರೋಗಿಯೆಂದು ಒಪ್ಪಿತು. ರೋಗಕ್ಕೆ ಚಿಕಿತ್ಸೆಯನ್ನು ಮಾತ್ರ ತೋರಿಸಲಿಲ್ಲ.

ಈ ಮೊದಲ ಘಟ್ಟದ ಚಿಕಿತ್ಸೆಯಲ್ಲಿ ಇಂದು ಹೆಚ್ಚಿನ ವಿವಾದವಿಲ್ಲ. ಕ್ಲೋರ್‌ಡಯಜೆಪಾಕ್ಸೈಡ್ ಮೊದಲಾದ ಶಾಮಕ ಮದ್ದುಗಳನ್ನು ಸಾಕಷ್ಟು ಪ್ರಮಾಣದಲ್ಲಿ ಆರಂಭಿಸಿ, ಐದಾರು ದಿನಗಳಲ್ಲಿ ಇಳಿಸುತ್ತ ಬಂದು ನಿಲ್ಲಿಸುತ್ತಾರೆ. ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಮನ್ನು ಆರಿಸುತ್ತಾರೆ. ಇದರೊಡನೆ ಕೊಡುವ ಥಯಾಮಿನ್, ಎಂದರೆ ಬಿ-1 ಜೀವಸತ್ತ್ವದ ಚುಚ್ಚುಮದ್ದು, ಸಾಧಾರಣವಾಗಿ ಕಂಡರೂ ಮುಖ್ಯವಾದುದು. ಕುಡುಕನ ಶರೀರದಲ್ಲಿ ಅದು ಬರಿದಾಗಿರುತ್ತದೆ. ನಿತ್ರಾಣನಾದವನಿಗೆ ‘ಒಂದು ಬಾಟಲಿ ಗ್ಲೂಕೋಸ್ ಏರಿಸಿಬಿಡಿ’ ಎಂದು ಮನೆಯವರು ಒತ್ತಾಯಿಸುವುದು ನಮ್ಮ ಊರುಗಳಲ್ಲಿಯೂ ಇಲ್ಲಿಯ ಚಾಳುಗಳಲ್ಲಿಯೂ ಒಂದೇ. ಥಯಾಮಿನ್ ಇಲ್ಲದೆ ಗ್ಲೂಕೋಸ್ ಮಾತ್ರ ಏರಿಸಿದರೆ ಇದ್ದಷ್ಟು ಜೀವಸತ್ತ್ವವೂ ವ್ಯಯವಾಗಿ, ನೆನಪೂ ನಡಿಗೆಯೂ ಕೆಡುವ ವರ್ನಿಕೆಯ ಮಿದುಳುರೋಗವು ತಲೆದೋರಬಹುದು. ಆ ನೆನಪು ಎಷ್ಟೋ ಸಲ ಮರಳಿ ಬರುವುದೇ ಇಲ್ಲ.

ಇಷ್ಟಾದರೆ ಬಾಗಿಲು ತೆರೆಯಿತು, ಅಷ್ಟೆ. ವಾರ ಕಳೆದು ಮನೆಗೆ ಬಂದವನು ಗುಣವಾದನೆಂದು ತಿಳಿಯುವುದೇ ಎಲ್ಲ ನಿರಾಶೆಗೂ ಮೂಲ. ಮುಂದಿನ ತಿಂಗಳುಗಳಿಗೆಂದು ಇರುವ ಮದ್ದುಗಳಲ್ಲಿ ಹಳೆಯದು ಡೈಸಲ್ಫಿರಾಮ್. ಕೋಪನ್‌ಹೇಗನ್ನಿನಲ್ಲಿ ಹಾಲ್ಡ್ ಮತ್ತು ಯಾಕಬ್ಸನ್ ಎಂಬವರು ಹುಳುವಿನ ಮದ್ದಾಗಿ ಅದನ್ನು ತಮ್ಮ ಮೇಲೆಯೇ ಪರೀಕ್ಷಿಸುತ್ತಿದ್ದಾಗ, ಮದ್ಯವನ್ನು ಮುಟ್ಟಿದರೆ ಸಂಕಟವಾಗುವುದನ್ನು ಕಂಡುಕೊಂಡರು. 1948ರಲ್ಲಿ ಅದು ಚಿಕಿತ್ಸೆಗೆ ಬಂತು. ಈ ಮಾತ್ರೆಯನ್ನು ನುಂಗಿದವನು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಇಳಿಯುತ್ತದೆ. ನಾಲ್ಟ್ರೆಕ್ಸೋನ್ ಮತ್ತು ಅಕಾಂಪ್ರೊಸೇಟ್ ಬೇರೆ ಜಾತಿಯವು; ಹೆದರಿಸುವುದಿಲ್ಲ, ಹಂಬಲವನ್ನು ತಗ್ಗಿಸುತ್ತವೆ.

ಇವುಗಳಲ್ಲಿ ಯಾವುದು ಮೇಲು ಎಂಬುದನ್ನು ಮುಂಬಯಿಯಲ್ಲಿಯೇ ಪರೀಕ್ಷಿಸಿದ್ದಾರೆ. ಅವಿನಾಶ್ ಡಿಸೋಜ ಮತ್ತು ಅಲನ್ ಡಿಸೋಜ ಎಂಬ ಮನೋವೈದ್ಯರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರು ಮಂದಿ ಗಂಡಸರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಡೈಸಲ್ಫಿರಾಮನ್ನೂ ಇನ್ನೊಂದಕ್ಕೆ ನಾಲ್ಟ್ರೆಕ್ಸೋನನ್ನೂ ಒಂದು ವರ್ಷ ಕೊಟ್ಟರು. ವರ್ಷಾಂತ್ಯಕ್ಕೆ ಮರಳಿ ಕುಡಿತಕ್ಕೆ ಬೀಳದೆ ಉಳಿದವರು ಡೈಸಲ್ಫಿರಾಮಿನಲ್ಲಿ ನೂರಕ್ಕೆ 86, ನಾಲ್ಟ್ರೆಕ್ಸೋನಿನಲ್ಲಿ ನೂರಕ್ಕೆ 44. ಹಂಬಲವು ಕಡಮೆಯಾಗಿದ್ದುದು ಮಾತ್ರ ಎರಡನೆಯ ಪಂಗಡದಲ್ಲಿ! ಯಾವ ಮದ್ದೆಂಬುದು ರೋಗಿಗೂ ವೈದ್ಯನಿಗೂ ತಿಳಿದಿದ್ದುದರಿಂದ ಇಂಥ ಪರೀಕ್ಷೆಯನ್ನು ಕೆಲವರು ಆಕ್ಷೇಪಿಸುವುದುಂಟು. ಭಯವೇ ಮದ್ದಾಗಿರುವಲ್ಲಿ ಮದ್ದನ್ನು ಗುಟ್ಟಾಗಿಟ್ಟು ಪರೀಕ್ಷಿಸುವುದು ಹೇಗೆಂಬುದು ಅದಕ್ಕೆ ಉತ್ತರ. ಆದರೆ ಈ ಅಂಕಿಗಳಿಗಿಂತ ಮುಖ್ಯವಾದ ಸಂಗತಿ ಅಧ್ಯಯನದ ನಿಬಂಧನೆಯಲ್ಲಿದೆ. ಅದರಲ್ಲಿ ಸೇರಿದ ಪ್ರತಿಯೊಬ್ಬನಿಗೂ ಜೊತೆಯಲ್ಲಿ ಬರುವ, ಚಿಕಿತ್ಸೆಯ ಮೇಲೆ ಕಣ್ಣಿಡುವ ಮನೆಯವರೊಬ್ಬರಿರಬೇಕಾಗಿತ್ತು. ಎಂದರೆ ಆ 86ರಲ್ಲಿ ಮಾತ್ರೆಯ ಪಾಲೆಷ್ಟು, ಬೆಳಗಾಗೆದ್ದು ಮಾತ್ರೆಯನ್ನು ಅಂಗೈಯಲ್ಲಿಟ್ಟ ಹೆಂಡತಿಯ ಅಥವಾ ತಾಯಿಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸಲಾಗದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ರೋಗಿಗೆ ತಿಳಿಯದಂತೆ ಈ ಮಾತ್ರೆಯನ್ನು ಸಾರಿನಲ್ಲಿಯೋ ಚಹದಲ್ಲಿಯೋ ಬೆರೆಸಿ ಕೊಡುವ ಮನೆಗಳುಂಟು. ಉದ್ದೇಶ ಒಳ್ಳೆಯದಿರಬಹುದು, ಕೃತ್ಯವು ಅಪಾಯಕರ. ತಿಳಿಯದೆ ಕುಡಿದವನ ಹೃದಯ ದುರ್ಬಲವಾಗಿದ್ದರೆ ಪ್ರಾಣಕ್ಕೇ ಸಂಚಕಾರ. ಕಣ್ಣಿಡುವುದು ಬೇರೆ, ಮೋಸಗೊಳಿಸುವುದು ಬೇರೆ.

ಅಫೀಮಿನ ವರ್ಗದ ಪದಾರ್ಥಗಳ ಚಿಕಿತ್ಸೆಯು ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. 1980ರ ದಶಕದಲ್ಲಿ ಮುಂಬಯಿಯ ಓಣಿಗಳನ್ನು ಹೊಕ್ಕ ಬ್ರೌನ್ ಶುಗರಿಗೆ ಸಿಕ್ಕಿದವರಿಗೆ ಬರಿಯ ಬಿಡಿಸುವಿಕೆಯಿಂದ ಫಲ ಕಡಮೆ. ನ್ಯೂಯಾರ್ಕಿನ ಡೋಲ್ ಮತ್ತು ನೈಸ್ವಾಂಡರ್ 1965ರಲ್ಲಿ ಮೆಥಡೋನಿನಿಂದ ತೋರಿಸಿದ ಮಾರ್ಗದಲ್ಲಿ, ನಮ್ಮ ದೇಶದ ಸರಕಾರಿ ಕೇಂದ್ರಗಳಲ್ಲಿ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ನಾಲಗೆಯ ಕೆಳಗಿಟ್ಟು, ಕರಗುವವರೆಗೆ ದಾದಿಯ ಮುಂದೆಯೇ ಕೂರಿಸುವ ಪದ್ಧತಿ ಬಂದಿದೆ. ಮನೆಯವರಿಲ್ಲದವನಿಗೆ ಕೇಂದ್ರವೇ ಆ ಕಣ್ಣನ್ನು ಒದಗಿಸುತ್ತದೆ.

ಮದ್ಯದ ವಿಷಯದಲ್ಲಿ ಅಂಥ ಏರ್ಪಾಡು ವಿರಳ. ಮಲಾಡಿನಂಥ ಉಪನಗರದ ಕನ್ನಡಿಗರಿಗೆ ಇದು ಒಣ ಚರ್ಚೆಯಲ್ಲ. ಊರಿನಲ್ಲಿ ಹೆಂಡತಿ ಮಕ್ಕಳನ್ನಿಟ್ಟು, ಹೋಟೆಲಿನ ಮೇಲಟ್ಟದಲ್ಲಿಯೋ ನಾಲ್ಕಾರು ಜನ ಸೇರಿ ಹಿಡಿದ ಖೋಲಿಯಲ್ಲಿಯೋ ಮಲಗುವವನ ಅಂಗೈಯಲ್ಲಿ ಬೆಳಗಿನ ಮಾತ್ರೆಯನ್ನಿಡುವವರು ಯಾರು? ಧಣಿಗಳ ರೂಢಿಯ ಪರಿಹಾರವೆಂದರೆ ಟಿಕೇಟು ತೆಗೆಸಿಕೊಟ್ಟು ಊರಿಗೆ ಕಳುಹಿಸುವುದು. ಕರಾವಳಿಯವನಾದರೆ ಅಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರವು ಅವನಿಗೆ ಸಿಕ್ಕೀತು. ಊರವರೇ ನಡೆಸುವ ಆ ಶಿಬಿರಗಳಿಗೂ, ಶಿಬಿರ ಮುಗಿದ ಮೇಲೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ನವಜೀವನ ಸಮಿತಿಗಳಿಗೂ ಬಲ ಬರುವುದು ಊರಿನಿಂದ. ಅವನು ಮತ್ತೆ ರೈಲು ಹತ್ತಿ ಬಂದಾಗ ಆ ಸಮಿತಿ ಅವನೊಡನೆ ಬರುವುದಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವು 1957ರಿಂದ ಭಾರತದಲ್ಲಿದೆ. ಅಪರಿಚಿತರ ನಡುವೆ ಅಪರಿಚಿತನಾಗಿಯೇ ಕುಳಿತು ಮಾತಾಡುವ ಅದರ ಕ್ರಮವು ನಗರದ ಒಂಟಿಗನಿಗೆ ಹೇಳಿಮಾಡಿಸಿದಂಥದು.

ವೈದ್ಯರ ಕೊರತೆಯನ್ನು ನೀಗುವ ದಾರಿಯೊಂದನ್ನು ಗೋವೆಯ ಸಂಗಾತ್ ಸಂಸ್ಥೆಯವರು ತೋರಿಸಿದ್ದಾರೆ. ವೈದ್ಯರಲ್ಲದ ಸ್ಥಳೀಯರನ್ನು ತರಬೇತುಗೊಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕುಡಿತದ ರೋಗಿಗಳೊಡನೆ ಕೆಲವೇ ಭೇಟಿಗಳಲ್ಲಿ ಕ್ರಮಬದ್ಧವಾಗಿ ಮಾತಾಡಿಸಿದರು. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2017ರಲ್ಲಿ ಬಂದ ವರದಿಯಂತೆ, ಮೂರು ತಿಂಗಳಲ್ಲಿ ಸುಧಾರಿಸಿದವರು ಈ ಗುಂಪಿನಲ್ಲಿ ನೂರಕ್ಕೆ 36, ಸಾಮಾನ್ಯ ಚಿಕಿತ್ಸೆಯವರಲ್ಲಿ 26. ಅಂತರವು ದೊಡ್ಡದಲ್ಲ. ಆದರೆ 2019ರ ರಾಷ್ಟ್ರೀಯ ಸಮೀಕ್ಷೆಯಂತೆ ಮದ್ಯಾವಲಂಬಿಗಳಲ್ಲಿ 38ಕ್ಕೆ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿರುವ ದೇಶದಲ್ಲಿ ಹತ್ತು ಮಂದಿಯ ಅಂತರವೂ ಸಣ್ಣದಲ್ಲ.

ಅಂಥ ಮಾತುಕತೆಗೆ ಭಾಷೆ ಬೇಕು. ‘ಏಕೆ ಕುಡಿದೆ’ ಎಂದು ಕೇಳುವ ಬದಲು ‘ಕುಡಿಯದಿದ್ದ ದಿನ ಹೇಗಿತ್ತು’ ಎಂದು ಕೇಳುವುದು ಈ ಪದ್ಧತಿಯ ಒಂದು ಹದ. ಬೆಲೆ ಕೇಳಲು, ಬಸ್ಸು ಹತ್ತಲು ಸಾಕಾಗುವಷ್ಟು ಹಿಂದಿ ಬಲ್ಲವನು ಆ ಪ್ರಶ್ನೆಗೆ ಹಿಂದಿಯಲ್ಲಿ ಹೂಂಗುಟ್ಟುತ್ತಾನೆ. ತುಳುವಿನಲ್ಲಿ ಅಥವಾ ಕನ್ನಡದಲ್ಲಿ ಕೇಳಿದರೆ ಉತ್ತರ ಕೊಡುತ್ತಾನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮುಂದಾಳುತನದಲ್ಲಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಯು (14416) ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ನಡೆಯುತ್ತದೆ. ವ್ಯಸನಮುಕ್ತಿಗೆಂದೇ ಕೇಂದ್ರ ಸರಕಾರದ 14446 ಉಂಟು. ಇವೆರಡಕ್ಕೂ ಖೋಲಿಯೊಳಗಿಂದಲೇ ಕರೆ ಮಾಡಬಹುದು. ಬೆಳಗಿನ ಮಾತ್ರೆಗೆ ಮಾತ್ರ ಅದೇ ಖೋಲಿಯಲ್ಲಿ ಮಲಗೇಳುವ ಇನ್ನೊಬ್ಬನು, ಅಥವಾ ಗಲ್ಲೆಯ ಮೇಲೆ ಕುಳಿತ ಧಣಿಯು, ರೋಗಿಯ ಒಪ್ಪಿಗೆ ಪಡೆದು ವೈದ್ಯನ ಎದುರಿನಲ್ಲಿ ಆ ಹೊಣೆಯನ್ನು ಹೊರಬೇಕಾಗುತ್ತದೆ.